ಖಿನ್ನತೆ ಇರಬಹುದಾ? ಅನುಮಾನದಿಂದ ಆಸ್ಪತ್ರೆಯವರೆಗೆ, ಅಲ್ಲಿಂದ ಆಚೆಗೆ

ನಮ್ಮ ಅಮ್ಮನ ಹತ್ತಿರ ಜವಳಿ ಅಂಗಡಿಯ ಒಂದು ಪ್ಲಾಸ್ಟಿಕ್ ಕವರ್ ಇತ್ತು. ಅದರೊಳಗೆ ಎರಡು ವರ್ಷದ ಚೀಟಿಗಳು. ಗ್ಯಾಸ್ಟ್ರಿಕ್ ಮಾತ್ರೆ, ಬೆನ್ನಿನ ಎಕ್ಸ್‌ರೇ, ಒಂದು ಎಂಡೋಸ್ಕೋಪಿ, ತಲೆಯ ಸ್ಕ್ಯಾನ್, ಶಕ್ತಿ ಬರಲಿ ಅಂತ ಹಾಕಿಸಿದ ಗ್ಲೂಕೋಸ್ ಬಾಟಲಿಗಳ ಬಿಲ್ಲು. ಎಲ್ಲಾ ರಿಪೋರ್ಟೂ ನಾರ್ಮಲ್. ಒಬ್ಬ ಡಾಕ್ಟರಂತೂ "ನಿಮಗೇನೂ ಇಲ್ಲಮ್ಮ, ಸುಮ್ನೆ ಯೋಚನೆ ಮಾಡ್ತೀರ" ಅಂತ ಕಳಿಸಿದ್ದರು.

ಕೊನೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರು ಸಿಕ್ಕರು. ಹೊಟ್ಟೆ ಒತ್ತಿ ನೋಡಿದರು. ಆ ಕವರನ್ನು ಒಮ್ಮೆ ಪೂರ್ತಿ ತಿರುವಿ ಹಾಕಿದರು. ಆಮೇಲೆ ಕೇಳಿದರು: "ಈ ಬೇಸಿಗೆಗೆ ಸಂಡಿಗೆ ಇಟ್ರಾ ಅಮ್ಮಾ?"

ಇಟ್ಟಿರಲಿಲ್ಲ. ಹಿಂದಿನ ವರ್ಷವೂ ಇಟ್ಟಿರಲಿಲ್ಲ. ಓಣಿಗೆಲ್ಲ ಹಂಚುವಷ್ಟು ಸಂಡಿಗೆ ಹಾಕುತ್ತಿದ್ದ ಅಮ್ಮ ಯಾಕೆ ನಿಲ್ಲಿಸಿದಳು ಅಂತ ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ವಯಸ್ಸಾಯಿತು ಅಂದುಕೊಂಡಿದ್ದೆವು. ಅಮ್ಮ ಅಲ್ಲೇ ಕುರ್ಚಿಯ ಮೇಲೆ ಕೂತು ಅಳಲು ಶುರು ಮಾಡಿದಳು.

ನಾನು ಡಾಕ್ಟರಲ್ಲ. ಆ ದಿನದಿಂದ ಅಮ್ಮನ ಜೊತೆ ಓಡಾಡಿ, ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಓದುತ್ತಿರುವ ನಿಮಗೇ ಅಥವಾ ನಿಮ್ಮ ಮನೆಯಲ್ಲಿ ಯಾರಿಗಾದರೂ ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಮಿಕ್ಕಿದ್ದೆಲ್ಲ ಆಮೇಲೆ ಓದಿ. ಈಗಲೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹೆಜ್ಜೆ 1: ಇದು ಬೇಜಾರಾ, ಖಿನ್ನತೆಯಾ?

ಬೇಜಾರು ಎಲ್ಲರಿಗೂ ಬರುತ್ತದೆ. ಮಗಳ ಸೀಟು ತಪ್ಪಿತು, ಅಡಿಕೆ ರೇಟು ಬಿತ್ತು, ಯಾರೋ ಚುಚ್ಚಿ ಮಾತಾಡಿದರು. ಅಂಥ ಬೇಜಾರಿನ ನಡುವೆಯೂ ಮೊಮ್ಮಗು ಬಂದು ತೊಡೆ ಮೇಲೆ ಕೂತರೆ ಮುಖ ಅರಳುತ್ತದೆ. ಖಿನ್ನತೆಯಲ್ಲಿ ಆ ಅರಳುವುದೇ ನಿಂತುಹೋಗುತ್ತದೆ.

ಡಾಕ್ಟರುಗಳು ಮುಖ್ಯವಾಗಿ ನೋಡುವುದು ಎರಡನ್ನು. ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿರುವುದು ಒಂದು. ಮೊದಲು ಇಷ್ಟಪಟ್ಟು ಮಾಡುತ್ತಿದ್ದದ್ದು ಯಾವುದೂ ಬೇಡ ಅನ್ನಿಸುವುದು ಇನ್ನೊಂದು. ಇವುಗಳಲ್ಲಿ ಒಂದಾದರೂ ಇರಬೇಕು. ಜೊತೆಗೆ ನಿದ್ದೆ ಕೆಡುವುದು ಅಥವಾ ಜಾಸ್ತಿಯಾಗುವುದು, ಊಟ ಸೇರದಿರುವುದು ಅಥವಾ ಅತಿಯಾಗುವುದು, ಸುಸ್ತು, ಗಮನ ನಿಲ್ಲದಿರುವುದು, ಮಾತು ನಡಿಗೆ ನಿಧಾನವಾಗುವುದು ಇಲ್ಲವೇ ಕೂತಲ್ಲಿ ಕೂರಲಾಗದ ಚಡಪಡಿಕೆ, "ಎಲ್ಲಾ ನನ್ನಿಂದಲೇ ಆಯ್ತು" ಅನ್ನುವ ತಪ್ಪಿತಸ್ಥ ಭಾವ, ಸಾವಿನ ಯೋಚನೆ. ಈ ಒಂಬತ್ತರಲ್ಲಿ ಐದು ಅಥವಾ ಹೆಚ್ಚು, ಹೆಚ್ಚುಕಡಿಮೆ ಪ್ರತಿದಿನ, ಕನಿಷ್ಠ ಎರಡು ವಾರ ಇದ್ದು, ಕೆಲಸಕ್ಕೂ ಮನೆಗೂ ತೊಂದರೆಯಾಗುತ್ತಿದ್ದರೆ ಪರೀಕ್ಷೆ ಮಾಡಿಸಲೇಬೇಕು. ಅಷ್ಟೂ ಸೇರಲಿ ಅಂತ ಕಾಯಬೇಕಾಗಿಲ್ಲ. ಮೂರೇ ಇದ್ದು ಜೀವ ಹಿಂಡುತ್ತಿದ್ದರೂ ಹೋಗಿ ತೋರಿಸಬಹುದು.

ಪುಸ್ತಕದ ಪಟ್ಟಿ ಇದು. ನಮ್ಮ ಮನೆಗಳಲ್ಲಿ ಕಾಯಿಲೆ ಈ ಪಟ್ಟಿ ಹಿಡಿದುಕೊಂಡು ಬರುವುದಿಲ್ಲ. "ನನಗೆ ಖಿನ್ನತೆ" ಅಂತ ಹೇಳುವ ಅಜ್ಜಿಯನ್ನು ನಾನಂತೂ ನೋಡಿಲ್ಲ. "ಮೈಯೆಲ್ಲಾ ಉರಿ", "ತಲೆ ಮೇಲೆ ಕಲ್ಲಿಟ್ಟ ಹಾಗೆ", "ಎದೆ ಡವಡವ", "ಕೈಕಾಲಲ್ಲಿ ಶಕ್ತಿಯಿಲ್ಲ", "ಬೆಳಗಿನ ಜಾವ ಮೂರಕ್ಕೇ ಎಚ್ಚರ". ಹೇಳುವುದು ಹೀಗೆ. ಇದನ್ನು ನಾಟಕ ಅನ್ನಬೇಡಿ. ನೋವು ನಿಜವಾಗಿಯೂ ಇರುತ್ತದೆ. ಖಿನ್ನತೆ ಮೈಯನ್ನೂ ಹಿಡಿಯುತ್ತದೆ.

ಗಂಡಸರಲ್ಲಿ ಹಲವು ಸಲ ಇದು ಸಿಟ್ಟಾಗಿ, ಕುಡಿತವಾಗಿ ಹೊರಬರುತ್ತದೆ. ಹದಿಹರೆಯದವರಲ್ಲಿ ಸಿಡುಕು, ಬಾಗಿಲು ಹಾಕಿಕೊಂಡು ಕೂರುವುದು, ಮಾರ್ಕ್ಸ್ ಇಳಿಯುವುದು. ವಯಸ್ಸಾದವರಲ್ಲಿ ಮರೆವಿನ ಥರ ಕಾಣಬಹುದು. ಬಾಣಂತಿಯರ ವಿಷಯ ಬೇರೆಯೇ ಹೇಳಬೇಕು. ಹೆರಿಗೆಯಾದ ಮೊದಲ ಎರಡು ವಾರ ಕಣ್ಣೀರು, ಗೊಂದಲ ಸಾಮಾನ್ಯ, ತಾನಾಗಿ ಇಳಿಯುತ್ತದೆ. ಅದಾದ ಮೇಲೂ ಮುಂದುವರಿದರೆ, ಮಗುವನ್ನು ಎತ್ತಿಕೊಳ್ಳಲೂ ಮನಸ್ಸು ಬರದಿದ್ದರೆ ಖಿನ್ನತೆ ಇರಬಹುದು. ಇಲ್ಲದ್ದು ಕಾಣುವುದು, ಕೇಳುವುದು, ಮಗುವಿನ ಬಗ್ಗೆ ವಿಚಿತ್ರ ಭಯ ಇದ್ದರೆ ಒಂದು ದಿನವೂ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. "ಬಾಣಂತನದ ಗಾಳಿ" ಅಂತ ಮನೆಯಲ್ಲೇ ಇಟ್ಟುಕೊಳ್ಳುವ ಸ್ಥಿತಿ ಅದಲ್ಲ.

ಪಿಎಚ್‌ಕ್ಯೂ-9 ಅನ್ನುವ ಪ್ರಶ್ನಾವಳಿಯ ಹೆಸರು ನೀವು ಕೇಳಿರಬಹುದು. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3ರ ತನಕ ಅಂಕ, ಒಟ್ಟು 27. 10 ಅಥವಾ ಜಾಸ್ತಿ ಬಂದರೆ ಡಾಕ್ಟರನ್ನು ನೋಡಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಬೇರೇನು ಬಂದರೂ, ಒಟ್ಟು ಅಂಕ ಎಷ್ಟೇ ಇರಲಿ, ಹೋಗಲೇಬೇಕು. ಜ್ವರ ಇದೆಯಾ ಅಂತ ಥರ್ಮಾಮೀಟರ್ ಹೇಳುತ್ತದೆ, ಯಾವ ಜ್ವರ ಅಂತ ಹೇಳುವುದಿಲ್ಲ ಅಲ್ವಾ, ಇದೂ ಅಷ್ಟೇ.

ಹೆಜ್ಜೆ 2: ಅಪಾಯ ಎಷ್ಟಿದೆ ಅಂತ ನೇರವಾಗಿ ಕೇಳಿ

ಇದು ಕಷ್ಟದ ಹೆಜ್ಜೆ. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅನ್ನುವ ಹೆದರಿಕೆ ನನಗೂ ಇತ್ತು. ಹಾಗಾಗುವುದಿಲ್ಲ. ಕೇಳಿದರೆ ಅವರಿಗೆ ಎದೆ ಹಗುರಾಗುತ್ತದೆ. ನಾನು ಅಮ್ಮನನ್ನು ಕೇಳಿದ್ದು ರಾತ್ರಿ ಪಾತ್ರೆ ಒರೆಸುವಾಗ, ಮುಖ ನೋಡದೆ. "ಹೋಗಿಬಿಟ್ಟರೆ ಸಾಕು ಅನ್ಸುತ್ತೆ, ಆದ್ರೆ ಏನೂ ಮಾಡ್ಕೊಳಲ್ಲ ಕಣೋ" ಅಂದಳು. ಆ ಒಂದು ಮಾತು ಡಾಕ್ಟರಿಗೆ ತುಂಬಾ ಉಪಯೋಗವಾಯಿತು.

ಹೇಗೆ, ಯಾವಾಗ ಅಂತ ಯೋಚಿಸಿಟ್ಟಿದ್ದರೆ, ಮೊದಲೊಮ್ಮೆ ಪ್ರಯತ್ನ ಮಾಡಿದ್ದರೆ, ಊಟ ನೀರು ಬಿಟ್ಟಿದ್ದರೆ, ಇಲ್ಲದ ದನಿ ಕೇಳಿಸುತ್ತಿದ್ದರೆ ಅವರನ್ನು ಒಂಟಿಯಾಗಿ ಬಿಡಬೇಡಿ. 112 ಅಥವಾ 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಯಾವುದಾದರೂ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ 24 ಗಂಟೆಯೂ ತೆರೆದಿರುತ್ತದೆ. ಹೊಲ ಇರುವ ಮನೆಯಾದರೆ ಬೆಳೆಗೆ ಹೊಡೆಯುವ ಔಷಧಿಯನ್ನು ಅವತ್ತೇ ಮನೆಯಿಂದ ಆಚೆ, ಬೇರೆಯವರ ಬಳಿ ಬೀಗದಲ್ಲಿ ಇಡಿಸಿ. ಮಾತ್ರೆಗಳು ಒಬ್ಬರ ಕೈಯಲ್ಲಿರಲಿ.

ಪೊಲೀಸ್ ಕೇಸಾಗುತ್ತದೆ ಅಂತ ಹೆದರಿ ಎಷ್ಟೋ ಮನೆಯವರು ಸುಮ್ಮನಾಗುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇಲ್ಲಿ ನಿಮ್ಮ ಪರ ಇದೆ. ಅದರ 115ನೇ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಮೊದಲು ಭಾವಿಸಬೇಕು. ಅವರಿಗೆ ಆರೈಕೆ ಕೊಡಿಸುವುದು ಸರ್ಕಾರದ ಹೊಣೆ.

ಹೆಜ್ಜೆ 3: ಯಾರ ಹತ್ತಿರ, ಎಲ್ಲಿಗೆ?

ಹೆಸರುಗಳೇ ಗೊಂದಲ. ಸೈಕಿಯಾಟ್ರಿಸ್ಟ್, ಅಂದರೆ ಮನೋವೈದ್ಯರು, ಎಂಬಿಬಿಎಸ್ ಮುಗಿಸಿ ಮನಸ್ಸಿನ ಕಾಯಿಲೆಗಳಲ್ಲಿ ಮುಂದೆ ಓದಿದವರು. ರೋಗ ಗುರುತಿಸಿ ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆ ಮಾಡಿ, ಮಾತಿನ ಮೂಲಕ ಚಿಕಿತ್ಸೆ ಕೊಡುತ್ತಾರೆ, ಮಾತ್ರೆ ಬರೆಯುವುದಿಲ್ಲ. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು, ಆ ನಂಬರ್ ಕೇಳುವುದರಲ್ಲಿ ತಪ್ಪೇನಿಲ್ಲ. ಕೌನ್ಸೆಲರ್ ಅನ್ನುವ ಬೋರ್ಡನ್ನು ಮಾತ್ರ ಬಗೆಬಗೆಯವರು ಹಾಕಿಕೊಂಡಿರುತ್ತಾರೆ. ಒಳ್ಳೆಯವರಿದ್ದಾರೆ, ಎರಡು ದಿನದ ಕೋರ್ಸ್ ಮಾಡಿದವರೂ ಇದ್ದಾರೆ. ಏನು ಓದಿದ್ದೀರಿ ಅಂತ ಕೇಳಿಯೇ ದುಡ್ಡು ಕೊಡಿ.

ನಿಮಗೆ ಗೊತ್ತಿರುವ ಫ್ಯಾಮಿಲಿ ಡಾಕ್ಟರ್ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಂದಲೂ ಶುರು ಮಾಡಬಹುದು. ಇದರಲ್ಲಿ ನಮ್ಮ ರಾಜ್ಯಕ್ಕೆ ಒಂದು ಹೆಮ್ಮೆಯ ಕಥೆ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿ ಕಡೆಯ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮನಸ್ಸಿನ ಕಾಯಿಲೆಗೆ ಅಲ್ಲೇ ಚಿಕಿತ್ಸೆ ಸಿಗುವ ಹಾಗೆ ಮಾಡಿ ತೋರಿಸಿದರು. ಬಳ್ಳಾರಿ ಮಾದರಿ ಅಂತಲೇ ಅದಕ್ಕೆ ಹೆಸರು ಬಂತು. ಅದನ್ನೇ ನೋಡಿಕೊಂಡು 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಇವತ್ತು ಜಿಲ್ಲಾಸ್ಪತ್ರೆಯಲ್ಲಿ ಮನೋರೋಗ ವಿಭಾಗ ಕೇಳಿದರೆ ತೋರಿಸುತ್ತಾರೆ. ಕರ್ನಾಟಕದಲ್ಲಿ ಮನೋಚೈತನ್ಯ ಅನ್ನುವ ಕಾರ್ಯಕ್ರಮದಡಿ ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬಂದು ನೋಡುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ವಿಚಾರಿಸಿ ಹೋದರೆ ಒಂದು ದಿನದ ಕೂಲಿ ಉಳಿಯುತ್ತದೆ.

ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆಸ್ಪತ್ರೆ ಉತ್ತರ ಕರ್ನಾಟಕದವರಿಗೆ ಹತ್ತಿರ. ಬೆಂಗಳೂರಿನಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್. ಬೆಳಿಗ್ಗೆ ಬೇಗ ಹೋಗಿ, ಬುತ್ತಿ ಕಟ್ಟಿಕೊಂಡು ಹೋಗಿ, ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಬಿಪಿಎಲ್ ಕಾರ್ಡ್ ಇದ್ದರೆ ಜೊತೆಗಿರಲಿ. ಮೊದಲು ಚಿಕ್ಕದಾಗಿ ನೋಡಿ, ವಿವರವಾಗಿ ಮಾತಾಡಲು ಇನ್ನೊಂದು ದಿನ ಬರಹೇಳುವುದೂ ಉಂಟು. ಆದರೆ ಸಾಧಾರಣ ಖಿನ್ನತೆಗೆ ಎಲ್ಲರೂ ನಿಮ್ಹಾನ್ಸ್‌ವರೆಗೆ ಹೋಗಬೇಕಾಗಿಲ್ಲ. ಮಂಡ್ಯದವರಿಗೆ ಮಂಡ್ಯದಲ್ಲೇ ಚಿಕಿತ್ಸೆ ಸಿಗುತ್ತದೆ. ಪದೇಪದೇ ಹೋಗಬೇಕಾದ ಕಾಯಿಲೆಗೆ ಹತ್ತಿರದ ಡಾಕ್ಟರೇ ಒಳ್ಳೆಯದು.

"ಅವನನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು" ಅಂತ ನಾವೆಲ್ಲ ತಮಾಷೆ ಮಾಡಿ ನಕ್ಕವರೇ. ನಾನೂ ನಕ್ಕಿದ್ದೇನೆ. ಆ ತಮಾಷೆ ಅಮ್ಮನ ಕಿವಿಗೂ ಬಿದ್ದಿತ್ತು. "ನನಗೇನು ಹುಚ್ಚಾ?" ಅಂತ ಅವಳು ಮೊದಲು ಕೇಳಿದ್ದು ಅದಕ್ಕೇ. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ದೊಡ್ಡವರಲ್ಲಿ ಸುಮಾರು 20ಕ್ಕೆ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಬಂದಿರುತ್ತದೆ. ಒಂದು ಕೆಂಪು ಬಸ್ಸಿನ ಸೀಟುಗಳನ್ನು ಎಣಿಸಿ ನೋಡಿ. ಕಾಯಿಲೆ ಇದ್ದವರಲ್ಲಿ ಬಹುತೇಕರು ಚಿಕಿತ್ಸೆಯನ್ನೇ ಪಡೆದಿರಲಿಲ್ಲ ಅನ್ನುವುದನ್ನೂ ಅದೇ ಸಮೀಕ್ಷೆ ಹೇಳಿತು.

ಹೆಜ್ಜೆ 4: ಹೋಗುವ ಮೊದಲು ಒಂದು ಹಾಳೆ ಬರೆಯಿರಿ

ಡಾಕ್ಟರ ಎದುರು ಕೂತಾಗ ಬಾಯಿಂದ ಬರುವುದು "ಪರವಾಗಿಲ್ಲ ಡಾಕ್ಟ್ರೇ" ಅಷ್ಟೇ. ಅಲ್ಲಿ ನಿಮಗೆ ಸಿಗುವುದು ಹತ್ತೇ ನಿಮಿಷ ಇರಬಹುದು. ಅದಕ್ಕೇ ಈ ಹಾಳೆ.

ಯಾವಾಗ ಶುರುವಾಯಿತು ಅಂತ ಬರೆಯಿರಿ. ತಾರೀಖು ಗೊತ್ತಿಲ್ಲದಿದ್ದರೆ "ಯುಗಾದಿ ಆದ ಮೇಲೆ" ಅಂದರೂ ಸಾಕು. ನಿದ್ದೆ ಎಷ್ಟು ಗಂಟೆಗೆ ಬರುತ್ತದೆ, ಎಷ್ಟಕ್ಕೆ ಎಚ್ಚರವಾಗುತ್ತದೆ. ಊಟ, ತೂಕ. ಬಿಟ್ಟುಬಿಟ್ಟ ಕೆಲಸಗಳು, ಅಂದರೆ ನಿಮ್ಮ ಮನೆಯ "ಸಂಡಿಗೆ" ಯಾವುದು ಅಂತ. ಈಗ ನುಂಗುತ್ತಿರುವ ಎಲ್ಲಾ ಮಾತ್ರೆ: ಬಿಪಿ, ಶುಗರ್, ಥೈರಾಯ್ಡ್, ನೋವಿನದು, ನಾಟಿ ಔಷಧಿ, ಕಷಾಯ. ಕುಡಿತ, ತಂಬಾಕು ಇದ್ದರೆ ಮುಚ್ಚಿಡದೆ ಅಳತೆ ಸಮೇತ. ಮನೆತನದಲ್ಲಿ ಯಾರಿಗಾದರೂ ಇಂಥದ್ದಿತ್ತಾ, ಯಾರಾದರೂ ಪ್ರಾಣ ಕಳೆದುಕೊಂಡಿದ್ದಾರಾ?

ಒಂದು ಸಾಲು ತಪ್ಪದೆ ಸೇರಿಸಿ. ಯಾವಾಗಲಾದರೂ ಇದಕ್ಕೆ ಪೂರ್ತಿ ಉಲ್ಟಾ ಆಗಿತ್ತಾ? ವಾರಗಟ್ಟಲೆ ನಿದ್ದೆಯೇ ಬೇಡ, ವಿಪರೀತ ಹುಮ್ಮಸ್ಸು, ಮಾತಿಗೆ ಬ್ರೇಕಿಲ್ಲ, ಕೈಗೆ ಬಂದ ಹಾಗೆ ಖರ್ಚು? ಹಾಗಿದ್ದರೆ ಅದು ಬೈಪೋಲಾರ್ ಕಾಯಿಲೆ ಇರಬಹುದು. ಅದಕ್ಕೆ ಚಿಕಿತ್ಸೆಯೇ ಬೇರೆ. ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಲವರಿಗೆ ಆ ಹುಮ್ಮಸ್ಸು ಕೆರಳುತ್ತದೆ.

ಹಳೆಯ ಚೀಟಿಗಳ ಕವರ್ ಮರೆಯಬೇಡಿ.

ಹೆಜ್ಜೆ 5: ಆ ದಿನ ಒಳಗೆ ಏನಾಗುತ್ತದೆ

ಸಿನಿಮಾದಲ್ಲಿ ತೋರಿಸುವ ಮಂಚ, ತೂಗಾಡುವ ಗಡಿಯಾರ ಯಾವುದೂ ಇರುವುದಿಲ್ಲ. ಟೇಬಲ್, ಕುರ್ಚಿ, ಬಿಪಿ ನೋಡುವ ಯಂತ್ರ. ಪ್ರಶ್ನೆ ಕೇಳುತ್ತಾರೆ, ಮನೆಯವರನ್ನೂ ಕೇಳುತ್ತಾರೆ. ನಿಮ್ಮೊಬ್ಬರ ಜೊತೆ ಮಾತಾಡಬೇಕು ಅನ್ನಿಸಿದರೆ ಹಾಗೆಂದು ಹೇಳಿ. ಅತ್ತೆಯ ಎದುರು ಸೊಸೆ, ಗಂಡನ ಎದುರು ಹೆಂಡತಿ ಏನು ತಾನೇ ಹೇಳಿಯಾಳು? ನೀವು ಹೇಳಿದ್ದನ್ನು ಗುಟ್ಟಾಗಿ ಇಡುವುದು ಕಾನೂನಿನ ಪ್ರಕಾರ ಅವರ ಕರ್ತವ್ಯ. ಪ್ರಾಣಕ್ಕೆ ಅಪಾಯ ಇರುವಂಥ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ.

ಖಿನ್ನತೆಯನ್ನು ತೋರಿಸುವ ರಕ್ತ ಪರೀಕ್ಷೆ ಇಲ್ಲ. ಆದರೂ ರಕ್ತ ಪರೀಕ್ಷೆ ಬರೆದುಕೊಡುತ್ತಾರೆ, ಯಾಕೆಂದರೆ ಖಿನ್ನತೆಯ ವೇಷ ಹಾಕುವ ಕಾಯಿಲೆಗಳಿವೆ. ಥೈರಾಯ್ಡ್ ಕಡಿಮೆಯಾದರೆ ಸುಸ್ತು, ಮಂಕು. ಹಿಮೋಗ್ಲೋಬಿನ್ ಇಳಿದರೂ ಹಾಗೇ. ಮಾಂಸ ತಿನ್ನದವರಲ್ಲಿ ಬಿ12 ಕೊರತೆ ಜಾಸ್ತಿ, ಅದೂ ಮನಸ್ಸನ್ನು ಕುಗ್ಗಿಸುತ್ತದೆ. ಅಮ್ಮನಿಗೆ ಬಿ12 ಕಡಿಮೆಯೂ ಇತ್ತು, ಖಿನ್ನತೆಯೂ ಇತ್ತು. ಎರಡಕ್ಕೂ ಚಿಕಿತ್ಸೆ ಆಯಿತು.

ಎದ್ದು ಬರುವ ಮೊದಲು ಕೇಳಿಕೊಳ್ಳಬೇಕಾದ್ದು: ಕಾಯಿಲೆಯ ಹೆಸರೇನು, ಎಷ್ಟು ತೀವ್ರ, ಮಾತ್ರೆ ಎಷ್ಟು ದಿನಕ್ಕೆ ಹಿಡಿಯುತ್ತದೆ, ಏನು ತೊಂದರೆ ಕಂಡರೆ ಫೋನ್ ಮಾಡಬೇಕು, ಮತ್ತೆ ಯಾವಾಗ ಬರಬೇಕು. ಏನೂ ಮಾತಾಡದೆ ಎರಡು ನಿಮಿಷದಲ್ಲಿ ಐದು ಮಾತ್ರೆ ಬರೆದುಕೊಟ್ಟರೆ ಇನ್ನೊಬ್ಬ ಡಾಕ್ಟರನ್ನು ಕೇಳುವ ಹಕ್ಕು ನಿಮಗಿದೆ. ಅದರಲ್ಲಿ ಮುಲಾಜು ಬೇಡ.

ಹೆಜ್ಜೆ 6: ಚಿಕಿತ್ಸೆ, ಮತ್ತು ಮೊದಲ ಆರು ವಾರ

ಕಾಯಿಲೆ ಸೌಮ್ಯವಾಗಿದ್ದರೆ ಮಾತಿನ ಚಿಕಿತ್ಸೆಯೊಂದೇ ಸಾಕಾಗಬಹುದು. ಸಾಮಾನ್ಯವಾಗಿ ವಾರಕ್ಕೊಮ್ಮೆ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಕೆಲವು ತಿಂಗಳು. ಇದು ಬುದ್ಧಿ ಹೇಳಿಸಿಕೊಳ್ಳುವುದಲ್ಲ. ಬುದ್ಧಿ ಹೇಳುವವರು ಮನೆಯಲ್ಲೇ ಬೇಕಾದಷ್ಟು ಜನ ಇರುತ್ತಾರೆ. "ನಾನು ಯಾವುದಕ್ಕೂ ಬರಲ್ಲ" ಅನ್ನುವ ಯೋಚನೆಯನ್ನು ಹಿಡಿದು ನಿಲ್ಲಿಸಿ ತೂಗಿ ನೋಡುವುದನ್ನು ಕಲಿಸುತ್ತಾರೆ. ಮನಸ್ಸು ಬಂದ ಮೇಲೆ ಕೆಲಸ ಅಂತ ಕಾಯದೆ, ಚಿಕ್ಕ ಕೆಲಸ ಮೊದಲು ಮಾಡಿ ಮನಸ್ಸನ್ನು ಹಿಂದೆ ಎಳೆದುಕೊಂಡು ಬರುವುದನ್ನೂ ಕಲಿಸುತ್ತಾರೆ. ಅಮ್ಮನಿಗೆ ಮೊದಲ ವಾರ ಕೊಟ್ಟ ಕೆಲಸ ಬೆಳಿಗ್ಗೆ ಹಾಲಿನ ಡೈರಿಯವರೆಗೆ ನಡೆದು ಬರುವುದು. ಅಷ್ಟೇ.

ಮಧ್ಯಮ ಅಥವಾ ತೀವ್ರವಾಗಿದ್ದರೆ ಮಾತ್ರೆಯೂ ಬೇಕಾಗುತ್ತದೆ. ಎಸ್ಸಿಟಾಲೋಪ್ರಾಮ್, ಸೆರ್ಟ್ರಾಲಿನ್, ಫ್ಲೂಒಕ್ಸೆಟಿನ್ ಇವು ಮೊದಲಿಗೆ ಬರೆಯುವ ಸಾಮಾನ್ಯ ಮಾತ್ರೆಗಳು. ದುಬಾರಿಯೇನಲ್ಲ. ಜನೌಷಧಿ ಅಂಗಡಿಯಲ್ಲಿ ಇನ್ನೂ ಅಗ್ಗ.

ಇಲ್ಲೇ ಬಹಳ ಜನ ಎಡವುವುದು. ಜ್ವರದ ಮಾತ್ರೆಯ ಹಾಗೆ ಇದು ಅವತ್ತೇ ಕೆಲಸ ಮಾಡುವುದಿಲ್ಲ. ಮೊದಲ ಹತ್ತು ದಿನ ವಾಕರಿಕೆ, ತಲೆನೋವು, ಭೇದಿ, ತಳಮಳ ಬರಬಹುದು, ಉಪಯೋಗ ಮಾತ್ರ ಏನೂ ಕಾಣುವುದಿಲ್ಲ. ಎರಡರಿಂದ ನಾಲ್ಕು ವಾರದಲ್ಲಿ ಸುಧಾರಣೆ ಶುರು, ಪೂರ್ತಿ ಗೊತ್ತಾಗಲು ಆರರಿಂದ ಎಂಟು ವಾರ. "ಹತ್ತು ದಿನ ನುಂಗಿದೆ, ಏನೂ ಆಗಲಿಲ್ಲ" ಅಂತ ಬಿಟ್ಟವರು ಕಷ್ಟದ ದಿನಗಳನ್ನು ಅನುಭವಿಸಿ, ಒಳ್ಳೆಯ ದಿನ ಬರುವ ಮೊದಲೇ ಎದ್ದು ಬಂದ ಹಾಗೆ. ಅಮ್ಮನಲ್ಲಿ ಮೊದಲು ಸರಿಯಾದದ್ದು ನಿದ್ದೆ. ಆಮೇಲೆ ಊಟ. ಮುಖದಲ್ಲಿ ನಗು ಬಂದದ್ದು ಎಲ್ಲಕ್ಕಿಂತ ಕೊನೆಗೆ.

ಕೆಲವು ಎಚ್ಚರಿಕೆ. 25ರೊಳಗಿನವರಲ್ಲಿ ಶುರುವಿನ ವಾರಗಳಲ್ಲಿ ಸಾವಿನ ಯೋಚನೆ ಹೆಚ್ಚಾಗುವುದುಂಟು, ಹತ್ತಿರದಿಂದ ಗಮನಿಸಿ. ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿಯಬಹುದು. ಇದ್ದಕ್ಕಿದ್ದಂತೆ ಮಂಪರು, ಗಲಿಬಿಲಿ ಕಂಡರೆ ಆಸ್ಪತ್ರೆಗೆ ಹೋಗಿ. ನೋವಿನ ಮಾತ್ರೆಗಳ ಜೊತೆ ಸೇರಿದರೆ ರಕ್ತಸ್ರಾವದ ಸಾಧ್ಯತೆ ಸ್ವಲ್ಪ ಹೆಚ್ಚು, ಹಾಗಾಗಿ ಕೇಳಿಯೇ ನುಂಗಿ. ಗಂಡ ಹೆಂಡಿರ ಸಂಬಂಧದಲ್ಲಿ ಆಸಕ್ತಿ ಕುಗ್ಗಬಹುದು. ನಾಚಿಕೊಂಡು ಮಾತ್ರೆಯನ್ನೇ ಬಿಡುವ ಬದಲು ಡಾಕ್ಟರಿಗೆ ಹೇಳಿ, ಡೋಸ್ ಅಥವಾ ಮಾತ್ರೆ ಬದಲಿಸುತ್ತಾರೆ. ಬಸುರಿಯರು, ಹಾಲೂಡಿಸುವವರು ತಾವಾಗಿಯೇ ನಿಲ್ಲಿಸಬಾರದು, ಅವರಿಗೆ ಹೊಂದುವ ಚಿಕಿತ್ಸೆ ಇದೆ.

ಈ ಮಾತ್ರೆಗಳಿಗೆ ಚಟ ಹತ್ತುತ್ತದೆ ಅನ್ನುವುದು ತಪ್ಪು. ಚಟ ಹತ್ತುವುದು ಆಲ್ಪ್ರಜೋಲಾಮ್, ಕ್ಲೋನಾಜೆಪಾಮ್‌ನಂಥ ನಿದ್ದೆ, ಆತಂಕದ ಮಾತ್ರೆಗಳಿಗೆ. ಅವುಗಳನ್ನು ಕೆಲವು ವಾರಕ್ಕೆ ಮಾತ್ರ ಕೊಡುತ್ತಾರೆ. ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ತಂದು ನುಂಗುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ.

ತಲೆಗೆ ಕರೆಂಟ್ ಕೊಡುವ ಟ್ರೀಟ್‌ಮೆಂಟ್ ಬಗ್ಗೆ ಎಲ್ಲರಿಗೂ ಭಯ. ಈಗ ಅದನ್ನು ಅರಿವಳಿಕೆ ಕೊಟ್ಟೇ ಮಾಡಬೇಕು, ಅರಿವಳಿಕೆ ಇಲ್ಲದೆ ಮಾಡುವುದನ್ನು 2017ರ ಕಾಯ್ದೆಯೇ ನಿಷೇಧಿಸಿದೆ. ಊಟ ಬಿಟ್ಟವರಿಗೆ, ಪ್ರಾಣಾಪಾಯ ಇರುವವರಿಗೆ ಅದು ಬೇಗ ಉಪಯೋಗಕ್ಕೆ ಬರುತ್ತದೆ. ಹೆಚ್ಚಿನವರಿಗೆ ಅದರ ಅಗತ್ಯವೇ ಬೀಳುವುದಿಲ್ಲ.

ಹೆಜ್ಜೆ 7: ಹುಷಾರಾದ ಮೇಲೂ ನಿಲ್ಲಿಸಬೇಡಿ

ಮೂರನೇ ತಿಂಗಳಿಗೆ ಅಮ್ಮ "ನಾನು ಚೆನ್ನಾಗಿದ್ದೀನಿ, ಇನ್ಯಾಕೆ" ಅಂತ ಮಾತ್ರೆ ಬಿಟ್ಟಳು. ಹೇಳಲಿಲ್ಲ ಕೂಡ. ಎರಡೇ ದಿನಕ್ಕೆ ತಲೆ ಸುತ್ತು, ತಲೆಯೊಳಗೆ ಜುಮ್ ಅನ್ನುವುದು, ಸಿಡುಕು. ಅದು ಚಟವಲ್ಲ, ಮಾತ್ರೆಯನ್ನು ಥಟ್ಟನೆ ಬಿಟ್ಟದ್ದರ ಪರಿಣಾಮ. ಕೆಲವು ವಾರಕ್ಕೆ ಬೆಳಗಿನ ಜಾವ ಮೂರರ ಎಚ್ಚರ ಮತ್ತೆ ಬಂತು. ಮೊದಲ ಸಲ ಕಾಯಿಲೆ ಬಂದವರು ಪೂರ್ತಿ ಹುಷಾರಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು ಅಂತ ಆಗಲೇ ನಮಗೆ ತಿಳಿದದ್ದು. ಪದೇಪದೇ ಬರುವವರಿಗೆ ಎರಡು ವರ್ಷ ಅಥವಾ ಜಾಸ್ತಿ. ನಿಲ್ಲಿಸುವಾಗ ಡಾಕ್ಟರ ಲೆಕ್ಕದ ಹಾಗೆ ಮೆಲ್ಲಗೆ ಇಳಿಸಬೇಕು.

ಸರಿಯಾದ ಡೋಸ್‌ನಲ್ಲಿ ಆರು ವಾರ ಕಳೆದರೂ ಏನೂ ಬದಲಾಗದಿದ್ದರೆ ಅದನ್ನೂ ಹೇಳಿ. ಒಂದು ಮಾತ್ರೆ ಹಿಡಿಯದಿದ್ದರೆ ಇನ್ನೊಂದು ಹಿಡಿಯಬಹುದು.

ದುಡ್ಡಿನ ವಿಷಯ ಚುಟುಕಾಗಿ. ಆರೋಗ್ಯ ವಿಮೆಯಲ್ಲಿ ಮನಸ್ಸಿನ ಕಾಯಿಲೆಯನ್ನು ಮೈಯ ಕಾಯಿಲೆಯ ಹಾಗೇ ಪರಿಗಣಿಸಬೇಕು ಅಂತ ಅದೇ 2017ರ ಕಾಯ್ದೆ ಹೇಳುತ್ತದೆ. ಆದರೆ ಹೆಚ್ಚಿನ ಪಾಲಿಸಿಗಳು ಅಡ್ಮಿಟ್ ಆದರೆ ಮಾತ್ರ ದುಡ್ಡು ಕೊಡುತ್ತವೆ. ಹೊರರೋಗಿ ಖರ್ಚು, ಕೌನ್ಸೆಲಿಂಗ್ ಫೀಸು ಸೇರಿದೆಯಾ ಅಂತ ಪಾಲಿಸಿ ಓದಿ ನೋಡಿ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ಅಮೆರಿಕದಲ್ಲಿದ್ದರೆ ತುರ್ತಿಗೆ 988. ಇಂಗ್ಲೆಂಡಿನಲ್ಲಿ ಮೊದಲು ನಿಮ್ಮ ಜಿಪಿ, ಅಂದರೆ ಅಲ್ಲಿನ ಫ್ಯಾಮಿಲಿ ಡಾಕ್ಟರು. ಮಾತಿನ ಚಿಕಿತ್ಸೆಗೆ ನೀವೇ ನೇರವಾಗಿ ಎನ್‌ಎಚ್‌ಎಸ್‌ಗೆ, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ, ಅರ್ಜಿ ಹಾಕಬಹುದು. ಊರಿಂದ ಅಪ್ಪ ಅಮ್ಮ ಕೊರಿಯರ್‌ನಲ್ಲಿ ಮಾತ್ರೆ ಕಳಿಸುವ ಏರ್ಪಾಡು ಮಾತ್ರ ಬೇಡ.

ಜೊತೆಗಿರುವವರಿಗೆ

"ಧೈರ್ಯ ತಗೋ", "ನಿನಗೇನು ಕಮ್ಮಿಯಾಗಿದೆ", "ವಾಕಿಂಗ್ ಮಾಡು ಎಲ್ಲಾ ಹೋಗುತ್ತೆ". ಇವನ್ನು ಹೇಳಬೇಡಿ. ನಡಿಗೆಯಿಂದ ಉಪಯೋಗ ಇದೆ, ಖಂಡಿತ. ಆದರೆ ಹಾಸಿಗೆಯಿಂದ ಏಳಲಾಗದವರಿಗೆ "ವಾಕಿಂಗ್ ಹೋಗು" ಅನ್ನುವುದಕ್ಕಿಂತ "ಬಾ, ಚಪ್ಪಲಿ ಹಾಕ್ಕೋ, ನಾನೂ ಬರ್ತೀನಿ" ಅನ್ನುವುದು ಮೇಲು. ಡಾಕ್ಟರ ಚೀಟಿ ಹಿಡಿದು ಕ್ಯೂನಲ್ಲಿ ನಿಲ್ಲಿ. ಮಾತ್ರೆ ತೀರುವ ಮೂರು ದಿನ ಮೊದಲೇ ತಂದಿಡಿ. ಅವರು ಸುಮ್ಮನಿದ್ದರೆ ನೀವೂ ಸುಮ್ಮನೆ ಪಕ್ಕದಲ್ಲಿ ಕೂರಿ.

ದೇವಸ್ಥಾನ, ಹರಕೆ, ದೃಷ್ಟಿ ತೆಗೆಸುವುದು ಬೇಡ ಅನ್ನುವವನು ನಾನಲ್ಲ. ನಾವೂ ಧರ್ಮಸ್ಥಳಕ್ಕೆ ಹೋಗಿ ಬಂದೆವು. ಮಾತ್ರೆಯ ಡಬ್ಬಿ ಬ್ಯಾಗಿನಲ್ಲಿತ್ತು.

ಕೊನೆಯದಾಗಿ, ಮೊದಲು ಬರೆದ ಹಾಳೆಯ ಹಿಂದೆ ಇನ್ನೊಂದನ್ನು ಬರೆದಿಡಿ: ಈ ಕಾಯಿಲೆ ಮತ್ತೆ ಬರುವಾಗ ಮೊದಲು ಕಾಣುವ ಲಕ್ಷಣ ಯಾವುದು? ಒಬ್ಬೊಬ್ಬರಿಗೆ ಒಂದೊಂದು. ಕೆಲವರಿಗೆ ನಿದ್ದೆ, ಕೆಲವರಿಗೆ ಸ್ನಾನ ಮುಂದೂಡುವುದು. ನಮ್ಮ ಅಮ್ಮ ಫೋನ್ ಎತ್ತುವುದನ್ನು ನಿಲ್ಲಿಸುತ್ತಾಳೆ. ಎರಡು ದಿನ ಎತ್ತದಿದ್ದರೆ ನಾನು ಮೂರನೇ ದಿನ ಬೆಳಿಗ್ಗೆ ಊರಿನ ಬಸ್ ಹತ್ತುತ್ತೇನೆ.